ಇಪ್ಪತ್ನಾಲ್ಕನೆಯ ಹಾಳೆ

ನಮ್ಮ ಊರಿಗೆ ಎರಡು ಬೀದಿ, ಒಂದು ಕೆರೆ, ಒಂದು ಪುಸ್ತಕ. ಬೀದಿಗಳಲ್ಲಿ ಒಂದು ಮೂಡಲದ್ದು, ಇನ್ನೊಂದು ಪಡುವಲದ್ದು. ನಡುವೆ ಕೆರೆ. ಪುಸ್ತಕ ಮಾತ್ರ ಯಾರ ಮನೆಯಲ್ಲಿಯೂ ಇಡಿಯಾಗಿ ಇರುವುದಿಲ್ಲ.

ಅದು ಊರಿನ ಕಟ್ಟಳೆ. ಮಕ್ಕಳ ಪುಸ್ತಕಕ್ಕೆ ನಲವತ್ತು ಹಾಳೆ, ಊರಿಗೆ ನಲವತ್ತು ಮನೆ, ಒಂದು ಮನೆಗೆ ಒಂದೇ ಹಾಳೆ. ಸರಿಸಂಖ್ಯೆಯವು ಮೂಡಲ ಬೀದಿಗೆ, ಬೆಸಸಂಖ್ಯೆಯವು ಪಡುವಲ ಬೀದಿಗೆ. ಬೆಳಿಗ್ಗೆ ಮಕ್ಕಳು ತಮ್ಮ ತಮ್ಮ ಮನೆಯ ಹಾಳೆಯನ್ನು ಎದೆಗವಚಿಕೊಂಡು ಶಾಲೆಗೆ ಹೋಗುತ್ತಾರೆ. ಪಾಠದ ಅಕ್ಕ ಅವನ್ನು ಸಾಲಾಗಿ ಜೋಡಿಸಿ ದಾರ ಕಟ್ಟುತ್ತಾಳೆ. ಆಗ ಅದು ಪುಸ್ತಕ. ಸಂಜೆ ದಾರ ಬಿಚ್ಚುತ್ತಾಳೆ. ಆಗ ಅದು ನಲವತ್ತು ಮನೆಯ ದೇವರು.

ದೇವರು ಎಂದು ಸುಮ್ಮನೆ ಹೇಳುತ್ತಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಗು ಹಾಳೆಯನ್ನು ಗೂಡಿನ ಹಲಗೆಯ ಮೇಲೆ ಇಡಬೇಕು. ಮನೆಯ ಯಜಮಾನ ಅದಕ್ಕೆ ಕುಂಕುಮ ಇಡಬೇಕು. ಮಗು ಹಾಳೆಯಲ್ಲಿರುವುದನ್ನು ಬಾಯಿಪಾಠ ಹೇಳಬೇಕು, ಹಿರಿಯರು ಕೈಮುಗಿದು ಕೇಳಬೇಕು. ಮುಗಿದ ಮೇಲೆ ಹಾಳೆಯನ್ನು ಎರಡು ಕಣ್ಣಿಗೂ ಒತ್ತಿಕೊಂಡು ಗೂಡಿನಲ್ಲಿ ಇಡಬೇಕು. ನನ್ನ ತಂದೆ ಹಾಗೆ ಮಾಡಿದರು. ನಾನೂ ಹಾಗೆಯೇ ಮಾಡಿದೆ. ನನ್ನ ತಂದೆ ಈ ಎಲ್ಲವನ್ನೂ ಕಣ್ಣು ಮುಚ್ಚಿ ಮಾಡುತ್ತಿದ್ದರು, ಅಷ್ಟು ಭಕ್ತಿ ಅವರಿಗೆ. ನಾನೂ ಕಣ್ಣು ಮುಚ್ಚಿಯೇ ಮಾಡಿದೆ.

ನಾವು ಹಿರಿಯರು ಚಿಕ್ಕವರಿದ್ದಾಗ ಓದಿದ ಪುಸ್ತಕ ಬೇರೆ. ಅದನ್ನು ಗೆದ್ದಲು ತಿಂದಿತು. ಈಗಿನದು ಬಂದು ಐದು ವರ್ಷ. ಬರೆದವನು ಹೊಳೆಯಾಚೆಯವನು, ಕೊಟ್ಟು ಹೋದ, ಮತ್ತೆ ಈ ಕಡೆ ತಲೆಹಾಕಲಿಲ್ಲ. ಹೀಗಾಗಿ ಹೊಸ ಪುಸ್ತಕ ಮಕ್ಕಳಿಗೆ ಪೂರ್ತಿ ಗೊತ್ತು. ಹಿರಿಯರಿಗೆ ತಮ್ಮ ಮನೆಯ ಒಂದು ಹಾಳೆ ಗೊತ್ತು. ಅದೂ ದೀಪದ ಮುಂದೆ ಕಿವಿಯ ಮೇಲೆ ಬಿದ್ದಷ್ಟು.

ಆ ವರ್ಷ ಮಾಗಿಯ ಚಳಿಯಲ್ಲಿ ಮೊದಲನೆಯ ಚೂರು ಬಂತು.

ಬೆಳಿಗ್ಗೆ ನನ್ನ ಮನೆಯಾಕೆ ಬಾಗಿಲು ಸಾರಿಸಲು ಹೋದವಳು ಕೈಯಲ್ಲಿ ಒಂದು ಹಂಚಿನ ಚೂರು ಹಿಡಿದು ಒಳಗೆ ಬಂದಳು. ಒಡೆದ ಮಾಡುಹಂಚಿನ ಚೂರು, ಅಂಗೈ ಅಗಲ. ಅದರ ಮೇಲೆ ಇದ್ದಿಲಿನಲ್ಲಿ ಬರೆದಿತ್ತು: ಮಕ್ಕಳ ಪುಸ್ತಕದಲ್ಲಿ ಮೂಡಲದವರು ಕಳ್ಳರು ಎಂದು ಬರೆದಿದೆ. ಅದರ ಕೆಳಗೆ ಸಣ್ಣಗೆ: ಇದನ್ನು ಮೂರು ಚೂರಿಗೆ ಬರೆದು ಮೂರು ಹೊಸ್ತಿಲಿಗೆ ಇಡಿ, ಇಡದ ಮನೆಯ ದೀಪ ನಿಲ್ಲುವುದಿಲ್ಲ.

ಯಾರು ಇಟ್ಟರು ಎಂದು ಕೇಳಿದೆ. ಹೊಸ್ತಿಲು ಬಾಯಿ ಬಿಡುತ್ತದೆಯೇ ಎಂದಳು.

ನಾನು ನಂಬಿದೆನೋ ಇಲ್ಲವೋ, ಇವತ್ತಿಗೂ ಹೇಳಲಾರೆ. ಆದರೆ ಮನೆಯಲ್ಲಿ ಹತ್ತು ವರ್ಷದ ಮೊಮ್ಮಗಳು. ದೀಪ ನಿಲ್ಲುವುದಿಲ್ಲ ಎಂಬ ಮಾತು ಓದಿದ ಮೇಲೆ ಅವಳು ಕೆಮ್ಮಿದರೂ ನಾನು ಎದ್ದು ದೀಪದ ಬತ್ತಿ ಏರಿಸುತ್ತಿದ್ದೆ. ಹಿತ್ತಲಿಗೆ ಹೋಗಿ ಒಂದು ಹಳೆಯ ಹಂಚನ್ನು ಒಡೆದೆ. ಒಲೆಯಿಂದ ಇದ್ದಿಲು ತಂದೆ. ಮೂರು ಬರೆದೆ. ಯಾರೂ ಕಾಣದ ಹಾಗೆ ಮೂರು ಹೊಸ್ತಿಲಿಗೆ ಇಟ್ಟು ಬಂದೆ. ಕೈ ತೊಳೆದುಕೊಂಡು ಸಂಧ್ಯೆಗೆ ಕೂತೆ. ಉಗುರಿನ ಸಂದಿಯಲ್ಲಿ ಕಪ್ಪು ಹಾಗೆಯೇ ಇತ್ತು.

ಎಂಟು ದಿನದಲ್ಲಿ ಮೂಡಲ ಬೀದಿಯಲ್ಲಿ ಚೂರಿಲ್ಲದ ಹೊಸ್ತಿಲು ಇರಲಿಲ್ಲ. ಬೆಳಕು ಹರಿಯುವಾಗ ಬೀದಿಯುದ್ದಕ್ಕೂ ಕಿಣ್ ಕಿಣ್ ಎಂದು ಚೂರಿನ ಮೇಲೆ ಚೂರು ಬೀಳುವ ಸದ್ದು. ಆಮೇಲೆ ಬಾಗಿಲು ತೆರೆಯುವ ಸದ್ದು. ಆಮೇಲೆ ಹಂಚು ಒಡೆಯುವ ಸದ್ದು. ಜನರ ಮಾಡುಗಳಲ್ಲಿ ಅಲ್ಲಲ್ಲಿ ಆಕಾಶ ಕಾಣತೊಡಗಿತು. ಕೆರೆಯಾಚೆಯಿಂದಲೂ ಅದೇ ಸದ್ದು ಕೇಳಿಸುತ್ತಿತ್ತು. ಅವರ ಚೂರಿನಲ್ಲಿ ಏನಿದೆ ಎಂದು ನಮಗೆ ಗೊತ್ತಿರಲಿಲ್ಲ. ಎರಡು ಬೀದಿಗಳ ನಡುವೆ ಮಾತು ನಿಂತು ಬಹಳ ಕಾಲವಾಗಿತ್ತು. ಮಕ್ಕಳು ಮಾತ್ರ ಒಟ್ಟಿಗೆ ಕೂರುತ್ತಿದ್ದರು. ಎರಡೂ ಬೀದಿಗೆ ಕಾಲಿಡುತ್ತಿದ್ದವರು ಇಬ್ಬರೇ, ಡಂಗುರದವನು ಮತ್ತು ಎಣ್ಣೆಯಾಕೆ.

ಡಂಗುರದವನು ಒಂದು ಮಧ್ಯಾಹ್ನ ಸಾರಿಕೊಂಡು ಬಂದ. ಮೂಡಲದ ಯಜಮಾನ ಹೇಳಿದ್ದು ಇಷ್ಟು: ಪುಸ್ತಕವನ್ನು ಕಲ್ಲು ಕಟ್ಟಿ ಕೆರೆಯಲ್ಲಿ ಮುಳುಗಿಸಬೇಕು. ಪಡುವಲದ ಹಿರಿಯಜ್ಜಿ ಹೇಳಿದ್ದೂ ಅದೇ. ಎಷ್ಟೋ ವರ್ಷದ ಮೇಲೆ ಎರಡು ಬೀದಿಗಳು ಒಂದು ಮಾತಿಗೆ ಒಪ್ಪಿದ್ದವು. ಅದಕ್ಕೇ ಎರಡಕ್ಕೂ ಸಂಶಯ ಇನ್ನಷ್ಟು ಹೆಚ್ಚಾಯಿತು. ನಮ್ಮ ಯಜಮಾನ ಕಟ್ಟೆಯ ಮೇಲೆ ಕೂತು, ಬರೆಸಿದವರು ಪಡುವಲದವರೇ, ಸಿಕ್ಕಿಬಿದ್ದಿದ್ದಾರೆ, ಅದಕ್ಕೆ ಗುರುತು ಮುಚ್ಚಲು ಅವಸರ ಎಂದ. ಆ ಕಡೆಯೂ ಹಾಗೆಯೇ ಅಂದಿದ್ದರಂತೆ. ಎಣ್ಣೆಯಾಕೆ ಅಳತೆಯ ಸೌಟು ನೆಕ್ಕುತ್ತಾ ಹೇಳಿದಳು.

ಮಕ್ಕಳನ್ನು ಶಾಲೆ ಬಿಡಿಸಿದರು. ಹಾಳೆಗಳು ಮನೆಮನೆಯ ಗೂಡಿನಲ್ಲಿ ಉಳಿದವು.

ಆದರೆ ಊರಿನ ಒಂದು ವಸ್ತುವನ್ನು ಕೆರೆಗೆ ಹಾಕುವ ಮೊದಲು ನೋಡಿ ಹೇಳುವವನು ನೋಡಿ ಹೇಳಬೇಕು. ಅದೂ ಕಟ್ಟಳೆ. ಆ ಕೆಲಸ ಮನೆಯಿಂದ ಮನೆಗೆ ಸರದಿಯಲ್ಲಿ ಬರುತ್ತದೆ. ಆ ವರ್ಷ ನನ್ನ ಸರದಿ. ನೋಡುವವನಿಗೆ ಒಂಬತ್ತು ದಿನ. ಕಾಲು ತೊಳೆದು ಮನೆಯೊಳಗೆ ಹೋಗಬೇಕು, ನೋಡಬೇಕು, ಯಾರ ಹತ್ತಿರವೂ ತುಟಿ ಬಿಚ್ಚದೆ ಬರಬೇಕು. ಒಂಬತ್ತನೆಯ ದಿನ ಕೆರೆಯ ಏರಿಯ ಮೇಲಿನ ಹೇಳುವ ಕಲ್ಲನ್ನು ಹತ್ತಿ ಹೇಳಬೇಕು. ತನ್ನ ಎರಡು ಕಣ್ಣು ಕಂಡದ್ದನ್ನು ಮಾತ್ರ ಹೇಳಬೇಕು, ಕೇಳಿದ್ದನ್ನು ಹೇಳಕೂಡದು. ಕಾಣದೆ ಹೇಳಿದರೆ ಆ ವಸ್ತು ಆ ಕ್ಷಣವೇ ಕೆರೆಗೆ.

ಡಂಗುರದವನು ಬಂದು ನನ್ನ ಬಾಗಿಲಲ್ಲಿ ಕೋಲು ಊರಿದಾಗ ಮೊಮ್ಮಗಳು ಕಂಬಕ್ಕೆ ಒರಗಿ ನಿಂತಿದ್ದಳು. ಪುಸ್ತಕ ಮುಳುಗಿದರೆ ಬೇರೆ ಪುಸ್ತಕ ಕೊಡುತ್ತಾರಾ ತಾತ ಎಂದು ಕೇಳಿದಳು. ಗೆದ್ದಲು ತಿಂದದ್ದಕ್ಕೆ ಬದಲು ಬರಲು ಹನ್ನೆರಡು ವರ್ಷ ಹಿಡಿದಿತ್ತು. ಆ ಹನ್ನೆರಡು ವರ್ಷದಲ್ಲಿ ಬೆಳೆದವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ಚೂರಿನ ಮೇಲಿನ ಅಕ್ಷರದ ಗೆರೆಯನ್ನು ಹಾಗೆ ಹಾಗೆಯೇ ನಕಲು ಮಾಡುತ್ತಾರೆ, ಏನು ಬರೆಯುತ್ತಿದ್ದೇವೆಂದು ಅವರಿಗೆ ತಿಳಿಯದು.

ಸ್ನಾನ ಮಾಡಿ, ಮಡಿಯುಟ್ಟು, ಮೊದಲನೆಯ ದಿನ ನಮ್ಮ ಬೀದಿಯಿಂದಲೇ ಶುರುಮಾಡಿದೆ.

ಎರಡನೆಯ ಹಾಳೆಯಲ್ಲಿ ಮಳೆಯ ಪಾಠ. ನಾಲ್ಕನೆಯದರಲ್ಲಿ ಮಗ್ಗಿ. ಆರನೆಯದರಲ್ಲಿ ಹಸುವಿನ ಮೈಯ ಭಾಗಗಳ ಹೆಸರು. ಒಂದೊಂದು ಮನೆಯಲ್ಲೂ ಹಾಳೆಯನ್ನು ತಟ್ಟೆಯಲ್ಲಿಟ್ಟು ತಂದರು, ಒಂದೊಂದು ಮನೆಯವರೂ ನಮ್ಮ ಹಾಳೆ ಬಂಗಾರದಂಥದ್ದು, ಕೆಟ್ಟದ್ದೆಲ್ಲ ಬೇರೆ ಹಾಳೆಯಲ್ಲಿದೆ ಎಂದರು. ಹತ್ತನೆಯ ಹಾಳೆಯ ಮನೆಯಲ್ಲಿ ಬರೀ ಚೆಂಡಿನ ಚಿತ್ರ. ಆ ಮನೆಯ ಯಜಮಾನ ನನ್ನ ಕಿವಿಯ ಹತ್ತಿರ ಬಂದು, ಚೆಂಡು ಯಾವ ಕಡೆ ಉರುಳುತ್ತಿದೆ ನೋಡಿದಿರಾ, ಪಡುವಲಕ್ಕೆ ಎಂದ. ನಾನು ಮಾತಾಡಕೂಡದು. ಹಾಳೆಯನ್ನು ಹಿಂದುಮುಂದಾಗಿ ತಿರುಗಿಸಿ ತಟ್ಟೆಯಲ್ಲಿಟ್ಟೆ. ಚೆಂಡು ಮೂಡಲಕ್ಕೆ ಉರುಳಿತು. ಅವನು ಅದನ್ನೂ ದಿಟ್ಟಿಸಿ ನೋಡಿದ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಬೀದಿಯಲ್ಲಿ ಎಣ್ಣೆಯಾಕೆ ಜೊತೆಗೂಡುತ್ತಿದ್ದಳು. ಬಾಯಿ ಬಿಡಬೇಡಿ ಬುದ್ಧಿ, ಇಲ್ಲ ಅಂದರೆ ಕಣ್ಣು ಒಂದು ಸಲ ಮುಚ್ಚಿ, ಹೌದು ಅಂದರೆ ಎರಡು ಸಲ ಎನ್ನುತ್ತಿದ್ದಳು. ನಾನು ಕಣ್ಣು ಮಿಟುಕಿಸದೆ ನಡೆಯುತ್ತಿದ್ದೆ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ನೋಡುವವನು ಅಳುತ್ತಾ ಹೋಗುತ್ತಿದ್ದಾನೆ ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿ.

ಮೂರನೆಯ ದಿನ ಇಪ್ಪತ್ತೆರಡನೆಯ ಹಾಳೆ ಕಂಡೆ. ಅದು ನಮ್ಮ ಯಜಮಾನನ ಮನೆಯದು. ಅವನೇ ಬೆರಳಿಟ್ಟು ತೋರಿಸಿದ. ಚೂರಿನ ಮಾತು ಸುಳ್ಳಾಗಿರಲಿಲ್ಲ. ಹಾಳೆಯಲ್ಲಿ ಸ್ಪಷ್ಟವಾಗಿ ಇತ್ತು: ಬೆಲ್ಲವೆಲ್ಲ ಪಡುವಲ ಗೋಡೆಯವರದು, ಮೂಡಲ ಗೋಡೆಯವರು ಕಳ್ಳರು ಎಂದು ಹಲ್ಲಿ ನುಡಿಯಿತು.

ಯಜಮಾನ ನನ್ನ ಮುಖವನ್ನೇ ನೋಡುತ್ತಿದ್ದ. ಹಲ್ಲಿ ನುಡಿದದ್ದು ಸುಳ್ಳಾಗುವುದುಂಟೇ ಎಂದು ಮೆಲ್ಲಗೆ ಕೇಳಿದ. ನಮ್ಮ ಊರಿನಲ್ಲಿ ಹಲ್ಲಿ ಲೊಚಗುಟ್ಟಿದರೆ ನೆಲಕ್ಕೆ ಬೆರಳು ತಟ್ಟಿ ಕೃಷ್ಣ ಕೃಷ್ಣ ಎನ್ನುತ್ತೇವೆ. ಹಲ್ಲಿಯ ಬಾಯಲ್ಲಿ ಹೇಳಿಸಿದರೆ ಮಕ್ಕಳು ಮರುಮಾತಿಲ್ಲದೆ ನಂಬುತ್ತಾರೆ. ಬರೆದವನು ಅದನ್ನು ತಿಳಿದೇ ಹಲ್ಲಿಯನ್ನು ತಂದಿದ್ದಾನೆ ಎಂದು ಯಜಮಾನನ ವಾದ. ನನಗೂ ಹಾಗೆಯೇ ತೋರಿತು. ಆ ದಿನ ನನಗೆ ಊಟ ಸೇರಲಿಲ್ಲ.

ಐದನೆಯ ದಿನ ಕೆರೆ ದಾಟಿ ಪಡುವಲಕ್ಕೆ ಹೋದೆ. ಅಲ್ಲಿಯೂ ಹೊಸ್ತಿಲು ಹೊಸ್ತಿಲಲ್ಲಿ ಚೂರಿನ ರಾಶಿ. ಕಾಲಿಡಲು ಜಾಗವಿಲ್ಲ. ಅಲ್ಲಿಯೂ ಮಾಡಿನಲ್ಲಿ ಆಕಾಶ. ಅವರು ನನಗೆ ಕಾಲಿಗೆ ನೀರು ಕೊಟ್ಟರು, ಮುಖ ಕೊಡಲಿಲ್ಲ.

ಇಪ್ಪತ್ತೊಂದನೆಯ ಹಾಳೆ ಒಬ್ಬ ಬಡಗಿಯ ಮನೆಯಲ್ಲಿತ್ತು. ಒಂದು ಮನೆಯಲ್ಲಿ ಹಸಿದ ಹಲ್ಲಿಯೊಂದಿತ್ತು, ಮೂಡಲ ಗೋಡೆಯ ಬಿರುಕಿನಲ್ಲೂ ಪಡುವಲ ಗೋಡೆಯ ಬಿರುಕಿನಲ್ಲೂ ಬೆಲ್ಲ ಕೂಡಿಟ್ಟ ಇರುವೆಗಳಿದ್ದವು, ಬಿರುಕಿನೊಳಗಿರುವ ಇರುವೆ ಹಲ್ಲಿಯ ನಾಲಿಗೆಗೆ ಎಟುಕುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಬಡಗಿ ತನ್ನ ಹಾಳೆಯಲ್ಲಿ ಏನೂ ವಿಶೇಷವಿಲ್ಲ ಎಂದು ನಾಚಿಕೊಂಡ. ನಾನು ಮೂರು ಸಲ ಓದಿದೆ.

ಇಪ್ಪತ್ತಮೂರನೆಯದು ಹಿರಿಯಜ್ಜಿಯ ಮನೆಯಲ್ಲಿ. ಅಜ್ಜಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಓದಿಕೋ, ನಿಮ್ಮವರ ಪ್ರತಾಪ ಎಂದಳು. ಓದಿದೆ: ಹಲ್ಲಿ ಪಡುವಲ ಗೋಡೆಗೆ ಹರಿದು ಬಂದು, ಬೆಲ್ಲವೆಲ್ಲ ಮೂಡಲ ಗೋಡೆಯವರದು, ಪಡುವಲ ಗೋಡೆಯವರು ಕಳ್ಳರು ಎಂದು ನುಡಿಯಿತು.

ನನ್ನ ಎದೆ ಹಗುರಾಯಿತು. ಅಜ್ಜಿಯ ಎದುರೇ ನಗು ಬಂದುಬಿಡುತ್ತದೆಂದು ತುಟಿ ಕಚ್ಚಿ ಹಿಡಿದೆ. ಇದು ಹಲ್ಲಿಯ ಮಾತು. ಹಸಿದ ಹಲ್ಲಿಯ ಮಾತು. ಮುಂದಿನ ಹಾಳೆಯಲ್ಲಿ ಅದರ ಬಣ್ಣ ಬಯಲಾಗಲೇಬೇಕು. ಆ ಹಾಳೆಯೊಂದನ್ನು ಕಲ್ಲಿನ ಮೇಲೆ ನಿಂತು ಓದಿದರೆ ಮುಗಿಯಿತು. ಆ ಹಾಳೆ ಇಪ್ಪತ್ನಾಲ್ಕನೆಯದು. ಅದು ನನ್ನ ಮನೆಯಲ್ಲೇ, ನನ್ನ ಗೂಡಿನಲ್ಲೇ, ನನ್ನ ದೀಪದ ಮುಂದೆಯೇ ಇದೆ. ನನ್ನ ಮನೆಯನ್ನು ಕೊನೆಗೆ ನೋಡಿದರಾಯಿತೆಂದು ಬಿಟ್ಟಿದ್ದೆ. ಅದರ ಬಗ್ಗೆ ನನಗೆ ಚಿಂತೆಯಿರಲಿಲ್ಲ.

ಉಳಿದ ಹಾಳೆಗಳನ್ನು ಎಂಟನೆಯ ದಿನದ ಮಧ್ಯಾಹ್ನದೊಳಗೆ ಮುಗಿಸಿದೆ. ಬರುವಾಗ ದಾರಿಯಲ್ಲಿ ಶಾಲೆ. ಪಾಠದ ಅಕ್ಕ ಖಾಲಿ ಕೋಣೆಯಲ್ಲಿ ಕೂತು ಹೊಲಿಯುವ ದಾರವನ್ನು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ನಾನು ಮಾತಾಡುವಂತಿಲ್ಲ ಎಂದು ಅವಳಿಗೆ ಗೊತ್ತು. ಅವಳೇ ಮಾತಾಡಿದಳು.

"ಮೂವತ್ತೊಂಬತ್ತು ಕಂಡಿರಾ?"

ತಲೆಯಾಡಿಸಿದೆ.

"ನಲವತ್ತನೆಯದು ನಾನು ತೋರಿಸುವುದಲ್ಲ. ತೋರಿಸಿದರೆ ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದ ಹಾಗೆ ಆಗುತ್ತದೆ. ಎಷ್ಟೋ ಸಲ ನಿಮಗೆ ಹೇಳಿ ಕಳಿಸಬೇಕೆಂದುಕೊಂಡೆ. ದೇವರಿಗೆ ಇಟ್ಟದ್ದನ್ನು ಬೇಡ ಅನ್ನುವುದು ಹೇಗೆ ಎಂದು ಸುಮ್ಮನಾದೆ. ಮಕ್ಕಳು ಅದನ್ನು ನೋಡದೆಯೇ ಓದುವುದನ್ನು ಕಲಿತುಬಿಟ್ಟಿವೆ."

ಏನು ಹೇಳುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ತಿಳಿಯದಿದ್ದರೂ ನಡಿಗೆ ಬಿರುಸಾಯಿತು.

ಮನೆಗೆ ಬಂದು ಕಾಲು ತೊಳೆದೆ. ನನ್ನ ಮನೆಯೇ ಆದರೂ ಕಾಲು ತೊಳೆದು ಒಳಗೆ ಹೋದೆ. ಗೂಡಿನ ಮುಂದೆ ಕೂತೆ. ಕೈ ಮುಗಿದೆ. ಅಭ್ಯಾಸಬಲದಿಂದ ಕಣ್ಣು ತಾನಾಗಿ ಮುಚ್ಚಿತು. ಬಲವಂತವಾಗಿ ಬಿಟ್ಟೆ.

ಹಾಳೆ ಕೆಂಪಗಿತ್ತು.

ಮೇಲಿನಿಂದ ಕೆಳಗಿನವರೆಗೆ, ಅಂಚಿನಿಂದ ಅಂಚಿಗೆ ಕೆಂಪು. ಐದು ವರ್ಷದ ಸಂಜೆಗಳು ಒಂದರ ಮೇಲೊಂದು ಕೂತು ದಪ್ಪಗೆ ಹೆಪ್ಪುಗಟ್ಟಿದ್ದವು. ಬೇರೆ ಮನೆಗಳಲ್ಲಿ ಮೂಲೆಗೊಂದು ಬೊಟ್ಟು ಇಡುತ್ತಿದ್ದರು. ನಾನು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಕಣ್ಣು ಮುಚ್ಚಿ, ಭಕ್ತಿಯಿಂದ, ಬೆರಳು ತುಂಬ ಹಚ್ಚಿದ್ದೆ. ಒಂದು ಅಕ್ಷರ ಕಾಣುತ್ತಿರಲಿಲ್ಲ. ಬೆಳಕಿಗೆ ಹಿಡಿದೆ. ಕೆಂಪಿನ ಹಿಂದೆ ಕೆಂಪೇ ಕಂಡಿತು.

ಎಷ್ಟು ಹೊತ್ತು ಕೂತಿದ್ದೆನೋ. ಮನೆಯಾಕೆ ಬಂದು ನನ್ನ ಮುಖ ನೋಡಿದಳು, ಹಾಳೆ ನೋಡಿದಳು. ಅವಳಿಗೆ ಆಶ್ಚರ್ಯವಾಗಲಿಲ್ಲ.

"ಐದು ವರ್ಷ ಕಣ್ಣು ಮುಚ್ಚಿಕೊಂಡು ಬಳಿದಿರಿ. ಸಾಕು ಅಂದರೆ ನನ್ನನ್ನೇ ಗದರಿದಿರಿ. ಈಗ ಕಣ್ಣು ಬಿಟ್ಟುಕೊಂಡು ಕೂತರೆ ಅಕ್ಷರ ಎದ್ದು ಬರುತ್ತಾ?"

ಒಣಬಟ್ಟೆಯಿಂದ ಅಂಚನ್ನು ಒರೆಸಿದೆ. ಕೆಂಪು ಹರಡಿತು. ನೀರು ಮುಟ್ಟಿಸಲು ಧೈರ್ಯ ಬರಲಿಲ್ಲ. ಹಳೆಯ ಪುಸ್ತಕದ ಕಾಲದಲ್ಲಿ ಒಂದು ಮಳೆಗಾಲ ಯಾರದೋ ಹಾಳೆ ನೆನೆದು ಅಕ್ಷರವೆಲ್ಲ ಕರಗಿ ಕಪ್ಪು ನೀರಾದದ್ದನ್ನು ಊರೇ ನೋಡಿತ್ತು.

ಮೊಮ್ಮಗಳು ಬಂದು ಪಕ್ಕದಲ್ಲಿ ಕೂತಳು. ದೀಪದ ಹೊತ್ತಾಗಿತ್ತು. ಹಾಳೆಯ ಕಡೆ ನೋಡದೆಯೇ, ದಿನವೂ ಹೇಳುವಂತೆ, ರಾಗವಾಗಿ ಹೇಳಿದಳು. ನಾನು ಮೊದಲ ಸಲ ಕಣ್ಣು ಬಿಟ್ಟುಕೊಂಡು ಕೇಳಿದೆ. ಕಳ್ಳರೆಂದವರು ಆಚೆ ಗೋಡೆಯವರೇ ಎಂದು ಸಿಟ್ಟಾಗಿ ಇರುವೆಗಳು ಜಗಳಕ್ಕೆಂದು ಬಿರುಕಿನಿಂದ ಹೊರಟವು. ಮನೆಯ ತೊಲೆಯ ನಡುವೆ ಎರಡು ಸಾಲುಗಳೂ ಮುಖಾಮುಖಿಯಾದವು. ಇರುವೆ ಇರುವೆಯನ್ನು ಕಂಡರೆ ನಿಂತು ಮುಖಕ್ಕೆ ಮುಖ ತಾಗಿಸದೆ ಮುಂದೆ ಹೋಗುವುದಿಲ್ಲ. ನಿನಗೆ ಹಲ್ಲಿ ಏನು ಹೇಳಿತು ಎಂದು ಒಂದು ಇನ್ನೊಂದನ್ನು ಕೇಳಿತು. ಆಮೇಲೆ ಎಲ್ಲವೂ ಎಲ್ಲವನ್ನೂ ಕೇಳಿದವು. ಆಮೇಲೆ ಎರಡು ಸಾಲೂ ಒಂದೇ ಸಾಲಾಗಿ ಹಲ್ಲಿಯ ಕಡೆಗೆ ತಿರುಗಿದವು. ಹಲ್ಲಿ ಬಾಲ ಕಳಚಿಟ್ಟು ಓಡಿತು.

ಐದು ವರ್ಷ ಪ್ರತಿ ಸಂಜೆ ಈ ಮಾತು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತು. ನಾನು ಅದನ್ನು ಮಂತ್ರದಂತೆ ಕೇಳಿ ಕೈಮುಗಿದಿದ್ದೆ.

"ನಾಳೆ ಇದನ್ನೇ ಹೇಳು ತಾತ," ಎಂದಳು.

ನಾನು ಮಾತಾಡುವಂತಿಲ್ಲ. ಕಣ್ಣು ಮುಟ್ಟಿ ತೋರಿಸಿದೆ, ಕಂಡದ್ದನ್ನು ಮಾತ್ರ ಹೇಳಬೇಕು ಎಂದು. ಕಿವಿ ಮುಟ್ಟಿ ತಲೆಯಲ್ಲಾಡಿಸಿದೆ, ಇದು ಕೇಳಿದ್ದು ಎಂದು.

ಅವಳು ಸ್ವಲ್ಪ ಹೊತ್ತು ಕೆಂಪು ಹಾಳೆಯನ್ನು ನೋಡಿದಳು. ನಾವು ಬಳಪದ ಹಲಗೆಯನ್ನು ಒರೆಸುತ್ತೇವಲ್ಲ, ಹಾಗೆ ಒರೆಸು ಎಂದಳು. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ತೋರಿಸಿದಳು.

ನಾನು ಅವಳಷ್ಟಿದ್ದಾಗ ಹಲಗೆಯನ್ನು ಉಗುಳಿನಿಂದ ಒರೆಸಿದ್ದಕ್ಕೆ ಗುರುಗಳು ಗೆಣ್ಣಿನ ಮೇಲೆ ಕೋಲಿನಿಂದ ಹೊಡೆದಿದ್ದರು. ಅಕ್ಷರಕ್ಕೆ ಎಂಜಲು ಮುಟ್ಟಿಸಿದವನ ಗೂಡಿನಲ್ಲಿ ಅಕ್ಷರ ನಿಲ್ಲುವುದಿಲ್ಲ ಎಂದಿದ್ದರು. ಅದೂ ಊರಿನ ಕಟ್ಟಳೆಯೇ. ಹಾಳೆಗೆ ಎಂಜಲು ಮುಟ್ಟಿಸಿದ ಮನೆಯಲ್ಲಿ ಮತ್ತೆ ಹಾಳೆ ಇಡುವುದಿಲ್ಲ. ಗೆದ್ದಲಿನ ಆ ಹನ್ನೆರಡು ವರ್ಷ ಬಿಟ್ಟರೆ ನನ್ನ ಮನೆಯ ಗೂಡು ನಾಲ್ಕು ತಲೆಮಾರಿನಿಂದ ಖಾಲಿ ಬಿದ್ದದ್ದಿಲ್ಲ.

ಹಾಳೆಯನ್ನು ಹಾಗೆಯೇ ಗೂಡಿಗೆ ಇಟ್ಟೆ. ಆ ಸಂಜೆ ಅದಕ್ಕೆ ಕುಂಕುಮ ಇಡಲಿಲ್ಲ. ಕೈ ಅಷ್ಟು ದೂರ ಹೋಗಿ ಹಿಂದಕ್ಕೆ ಬಂತು.

ಒಂಬತ್ತನೆಯ ದಿನ ಬೆಳಿಗ್ಗೆ ಎರಡು ಬೀದಿಗಳೂ ಕೆರೆಯ ಏರಿಗೆ ಬಂದವು. ಮೂಡಲದವರು ಮೂಡಲಕ್ಕೆ, ಪಡುವಲದವರು ಪಡುವಲಕ್ಕೆ, ನಡುವೆ ಹೇಳುವ ಕಲ್ಲು. ಮೆಟ್ಟಿಲಿನ ಮೇಲೆ ಒಂದು ಗುಂಡುಕಲ್ಲು, ಅದಕ್ಕೆ ಸುತ್ತಿದ ತೆಂಗಿನ ಹಗ್ಗ ಸಿದ್ಧವಾಗಿತ್ತು. ಮನೆಮನೆಯವರು ತಂದ ಹಾಳೆಗಳನ್ನು ಪಾಠದ ಅಕ್ಕ ಒಂದರ ಮೇಲೊಂದು ಇಟ್ಟಳು. ಮಕ್ಕಳು ಹಿಂದೆ ನಿಂತಿದ್ದರು. ಒಬ್ಬರೂ ಆಡುತ್ತಿರಲಿಲ್ಲ.

ನಾನು ಇಪ್ಪತ್ನಾಲ್ಕನೆಯದನ್ನು ಕೈಯಲ್ಲೇ ಹಿಡಿದು ಕಲ್ಲು ಹತ್ತಿದೆ. ತಾಯಿ, ನಾಲಿಗೆಯ ಮೇಲೆ ನಿಲ್ಲು ಎಂದು ಬೇಡಿಕೊಂಡೆ. ಆಮೇಲೆ ಹೇಳಿದೆ. ಮೂವತ್ತೊಂಬತ್ತು ಹಾಳೆ ಕಂಡೆ. ಮೂವತ್ತೇಳರಲ್ಲಿ ಯಾವ ಬೀದಿಯ ಮಾತೂ ಇಲ್ಲ. ಎರಡರಲ್ಲಿ ಕಳ್ಳರು ಎಂಬ ಮಾತು ಇದೆ, ಅದು ಹಲ್ಲಿ ಹೇಳಿದ್ದು. ನಲವತ್ತನೆಯದು ಕಾಣಲಿಲ್ಲ.

"ಯಾರ ಮನೆಯದು?" ಎಂದ ಯಜಮಾನ.

"ನನ್ನದು. ಕುಂಕುಮ ಹಚ್ಚಿ ಹಚ್ಚಿ ಮುಚ್ಚಿಹೋಗಿದೆ. ನಾನೇ ಹಚ್ಚಿದ್ದು."

ಜನ ನಕ್ಕಿದ್ದರೆ ಚೆನ್ನಾಗಿತ್ತು. ಯಾರೂ ನಗಲಿಲ್ಲ. ಚೂರನ್ನೂ ಬರೆದಿದ್ದೇನೆ, ಮೂರು ಹೊಸ್ತಿಲಿಗೆ ಇಟ್ಟಿದ್ದೇನೆ, ಅದನ್ನು ಬರೆಯುವಾಗಲೂ ಹಾಳೆಯನ್ನು ಕಂಡಿರಲಿಲ್ಲ ಎಂದೂ ಹೇಳಿದೆ. ಮೂಡಲದ ಕಡೆ ಕೆಲವರು ತಮ್ಮ ಉಗುರು ನೋಡಿಕೊಂಡರು. ಯಜಮಾನ ಹಗ್ಗ ಎತ್ತಲು ಸನ್ನೆ ಮಾಡಿದ. ಡಂಗುರದವನು ಬಗ್ಗಿದ. ಹಗ್ಗ ಕಲ್ಲಿನ ಮೇಲೆ ಕರಕರ ಎಂದಿತು.

ಮೊಮ್ಮಗಳ ಕಡೆ ನೋಡಲಿಲ್ಲ. ನೋಡಿದ್ದರೆ ಕೈ ಏಳುತ್ತಿರಲಿಲ್ಲ. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ, ಹಾಳೆಗೆ ಇಟ್ಟೆ. ಊರು ಒಟ್ಟಿಗೆ ಉಸಿರೆಳೆದುಕೊಂಡದ್ದು ಕೇಳಿಸಿತು. ಯಾರೋ ಶಿವ ಶಿವ ಎಂದರು. ಹಲಗೆ ಒರೆಸುವಂತೆ ಸಣ್ಣಗೆ, ಸುತ್ತಿ ಸುತ್ತಿ ಒರೆಸಿದೆ. ಕೆಂಪು ಪದರ ಪದರವಾಗಿ ಬೆರಳಿಗೆ ಬಂತು. ಒಂದು ಸಾಲು ಕಪ್ಪಗೆ ಎದ್ದಿತು.

"ಇರುವೆಗಳು ತೊಲೆಯ ನಡುವೆ ಮುಖಾಮುಖಿಯಾದವು," ಎಂದು ಓದಿದೆ.

ಮತ್ತೆ ನಾಲಿಗೆ, ಮತ್ತೆ ಹಾಳೆ. ಬಾಯಲ್ಲಿ ಕುಂಕುಮದ ರುಚಿ, ಎಣ್ಣೆಯ ರುಚಿ. ಒಂದೊಂದೇ ಪದ ಎದ್ದು ಬಂತು. ಎದ್ದು ಬಂದಂತೆ ತಲೆಯೆತ್ತಿ ಜನರ ಕಡೆಗೆ ಗಟ್ಟಿಯಾಗಿ ಹೇಳಿದೆ.

"ನಿನಗೆ... ಹಲ್ಲಿ... ಏನು ಹೇಳಿತು."

ಅದರ ಕೆಳಗಿನ ಸಾಲಿಗೆ ಬೆರಳಿಟ್ಟೆ. ಕೆಂಪಿನ ಜೊತೆ ಕಪ್ಪೂ ಬಂತು. ಬೆರಳು ಎತ್ತಿ ನೋಡಿದೆ. ಅಕ್ಷರ ಹಾಳೆಯಲ್ಲಿ ಇರಲಿಲ್ಲ, ನನ್ನ ಹೆಬ್ಬೆರಳಿನಲ್ಲಿತ್ತು. ಕೈ ಹಿಂದಕ್ಕೆ ತೆಗೆದೆ. ಇನ್ನು ಒರೆಸುವಂತಿಲ್ಲ. ಇನ್ನು ಹೇಳುವುದಕ್ಕೆ ನನ್ನಲ್ಲಿ ಏನೂ ಇಲ್ಲ.

ಆಗ ಪಡುವಲದ ಕಡೆಯಿಂದ ಹಿರಿಯಜ್ಜಿ ಕೋಲು ಊರಿಕೊಂಡು ಎರಡು ಹೆಜ್ಜೆ ಮುಂದೆ ಬಂದಳು. ಮೂಡಲದ ಒಬ್ಬನು ಅವಳ ಕಡೆ ಮುಖ ಮಾಡಿ ಮಾತಾಡಿ ಎಷ್ಟು ವರ್ಷವಾಗಿತ್ತೋ.

"ನಮಗಾ?" ಎಂದಳು. "ನಮಗೆ, ಪಡುವಲದವರು ಕಳ್ಳರು ಅಂತ ಹೇಳಿತು."

ನಮ್ಮ ಯಜಮಾನ ತಿರುಗಿದ. "ಏನಂದೆ?"

"ಪಡುವಲದವರು ಕಳ್ಳರು ಅಂತ. ನಮ್ಮ ಹಾಳೆಯಲ್ಲಿ. ನೀನೇ ಬರೆಸಿ ಈಗ ಕಿವುಡನ ಹಾಗೆ ಕೇಳುತ್ತೀಯಲ್ಲೋ."

"ಮೂಡಲದವರು ಕಳ್ಳರು ಅಂತಲ್ಲವೇ ಇರುವುದು. ನಮ್ಮದರಲ್ಲಿ."

ಅಜ್ಜಿ ಸೆರಗಿನ ಗಂಟಿನಿಂದ ಒಂದು ಚೂರು ತೆಗೆದಳು. ಯಜಮಾನ ಸೊಂಟದಿಂದ ಒಂದು ಚೂರು ತೆಗೆದ. ಯಾರೂ ಹೇಳದೆಯೇ ಇಬ್ಬರೂ ಕಲ್ಲಿನ ಬುಡಕ್ಕೆ ಬಂದು ಅವನ್ನು ಪಕ್ಕಪಕ್ಕ ಇಟ್ಟರು. ಕಿಣ್ ಎಂದಿತು. ಜನ ಕತ್ತು ಚಾಚಿದರು. ಆಮೇಲೆ ಅಜ್ಜಿ, ಈ ಹಲ್ಲಿಗೆ ಕಾಲು ಬಹಳ ಗಟ್ಟಿ ಎಂದಳು. ಯಾರೋ ಒಬ್ಬರಿಗೆ ನಗು ತಡೆಯಲಾಗಲಿಲ್ಲ. ಅದು ಯಾವ ಬೀದಿಯವರ ನಗು ಎಂದು ಗೊತ್ತಾಗಲಿಲ್ಲ.

ಯಜಮಾನ ಮಾತ್ರ ನಗಲಿಲ್ಲ. ಮುಖ ಬಾಡಿತ್ತು. ಡಂಗುರದವನ ಕಡೆ ನೋಡಿ, ಇವತ್ತು ಬೇಡ ಎಂದ.

ಅಷ್ಟೇ ಅಂದದ್ದು. ಪುಸ್ತಕ ಒಳ್ಳೆಯದು ಎಂದು ಯಾರೂ ಹೇಳಲಿಲ್ಲ. ತಪ್ಪಾಯಿತು ಎಂದೂ ಯಾರೂ ಹೇಳಲಿಲ್ಲ. ಪಾಠದ ಅಕ್ಕ ಅಲ್ಲಿಯೇ ಕೂತು ನಲವತ್ತು ಹಾಳೆಗೂ ದಾರ ಕಟ್ಟಿದಳು, ನಡುವೆ ನನ್ನ ಕೆಂಪು ಹಾಳೆಯನ್ನೂ ಸೇರಿಸಿದಳು. ಅಳಿಸಿಹೋದದ್ದನ್ನು ಅವಳು ಮತ್ತೆ ಬರೆಯಬಹುದಿತ್ತು. ನಾನು ಬರೆದರೆ ಬೇರೆ ಚೂರು ಹುಟ್ಟುತ್ತದೆ ಎಂದಳು. ಮಕ್ಕಳು ಮರುದಿನ ಶಾಲೆಗೆ ಹೋದರು. ಗುಂಡುಕಲ್ಲನ್ನೂ ಹಗ್ಗವನ್ನೂ ಯಾರೂ ಒಯ್ಯಲಿಲ್ಲ. ಅವು ಕೆರೆಯ ಮೆಟ್ಟಿಲಿನ ಮೇಲೆ ಹಾಗೆಯೇ ಇವೆ. ನೀರಿಗೆ ಹೋಗುವ ಹೆಂಗಸರು ಅವನ್ನು ಸುತ್ತಿಕೊಂಡು ಹೋಗುತ್ತಾರೆ.

ಕಟ್ಟಳೆಯಂತೆ ನನ್ನ ಮನೆಗೆ ಹಾಳೆ ಬರುವುದು ನಿಂತಿತು. ಇಪ್ಪತ್ನಾಲ್ಕನೆಯದು ಶಾಲೆಯಲ್ಲೇ ಉಳಿಯುತ್ತದೆ. ಸಂಜೆ ಮೊಮ್ಮಗಳು ಬರಿಗೈಯಲ್ಲಿ ಬರುತ್ತಾಳೆ. ಮೊದಲ ದಿನ ಗೂಡಿನ ಮುಂದೆ ಏನು ಮಾಡಬೇಕೆಂದು ತೋಚದೆ ಇಬ್ಬರೂ ಕೂತಿದ್ದೆವು. ಕುಂಕುಮದ ಭರಣಿ ನನ್ನ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟು, ಇಪ್ಪತ್ತೈದನೆಯ ಹಾಳೆಯಲ್ಲಿ ಏನಿದೆಯಮ್ಮ ಎಂದು ಕೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಆಮೇಲೆ ಹೇಳಿದಳು. ಹಾಳೆ ಬಂದರೆ ಒಂದೇ ಬರುತ್ತಿತ್ತು. ಈಗ ಅವಳಿಗೆ ಬೇಕಾದದ್ದನ್ನೆಲ್ಲ ಹೇಳುತ್ತಾಳೆ.

ಹದಿನೈದು ದಿನ ಬೆಳಗಿನ ಸದ್ದು ಇರಲಿಲ್ಲ. ಜನ ಮಾಡು ರಿಪೇರಿ ಮಾಡಿಸಿಕೊಂಡರು. ಹದಿನಾರನೆಯ ದಿನ ಬೆಳಕು ಹರಿಯುವಾಗ ನನ್ನ ಹೊಸ್ತಿಲಿನ ಮೇಲೆ ಕಿಣ್ ಎಂದಿತು. ಮನೆಯಾಕೆ ತಂದು ನನ್ನ ಮುಂದೆ ಇಟ್ಟಳು, ಒಳಗೆ ಹೋದಳು. ಹೊಸ ಹಂಚಿನ ಚೂರು, ಅದರ ಮೇಲೆ ಇದ್ದಿಲಿನಲ್ಲಿ: ಕೆಂಪು ಹಾಳೆಯ ಕೆಳಗೆ ಇನ್ನೊಂದು ಸಾಲು ಇತ್ತು, ನೋಡುವವನು ಬೇಕೆಂದೇ ಉಗುಳಿ ಅಳಿಸಿದ. ಮೂರು ಬರೆದು ಮೂರು ಹೊಸ್ತಿಲಿಗೆ ಇಡಿ. ಇಡದ ಮನೆಯ ದೀಪ ನಿಲ್ಲುವುದಿಲ್ಲ.

ಒಳಗೆ ಮೊಮ್ಮಗಳು ಕೆಮ್ಮಿದಳು. ಚಳಿಗೆ ಎಲ್ಲ ಮಕ್ಕಳೂ ಕೆಮ್ಮುತ್ತವೆ. ಆದರೂ ನನ್ನ ಕೈ ಒಲೆಯ ಕಡೆ ಹೋದದ್ದು ನಿಜ. ಇದ್ದಿಲು ಇನ್ನೂ ಬೆಚ್ಚಗಿತ್ತು. ಅದನ್ನು ಅಲ್ಲಿಯೇ ಬಿಟ್ಟು ಎದ್ದೆ, ಚೂರನ್ನು ಪಂಚೆಯ ಮಡಿಕೆಯಲ್ಲಿ ಇಟ್ಟುಕೊಂಡು ಕೆರೆಯ ಏರಿ ಹಿಡಿದೆ. ಗುಂಡುಕಲ್ಲಿನ ಮೇಲೆ ಇಬ್ಬನಿ ಇತ್ತು. ಹಗ್ಗ ನೆನೆದು ಕಪ್ಪಾಗಿತ್ತು. ಅದನ್ನು ದಾಟುವಾಗ ಎಲ್ಲರ ಹಾಗೆ ನಾನೂ ಸುತ್ತಿಕೊಂಡು ಹೋದೆ.

ಪಡುವಲದ ಹಿರಿಯಜ್ಜಿ ಆಗಲೇ ಜಗುಲಿಯ ಮೇಲೆ ಕೂತಿದ್ದಳು. ಅವಳ ತೊಡೆಯ ಮೇಲೂ ಒಂದು ಚೂರು. ಅಷ್ಟು ದೂರದಿಂದ ಅದರಲ್ಲಿ ಏನು ಬರೆದಿದೆ ಎಂದು ಕಾಣಲಿಲ್ಲ. ನನ್ನನ್ನು ಕಂಡು ಅವಳು ಏಳಲಿಲ್ಲ, ಬಾ ಎನ್ನಲೂ ಇಲ್ಲ. ಚಾಚಿದ್ದ ಕಾಲನ್ನು ಮಡಚಿ ಸ್ವಲ್ಪ ಜಾಗ ಮಾಡಿದಳು.

ನಾನು ಜಗುಲಿಯ ಕೆಳಗೆ ನಿಂತು ಕೇಳಿದೆ.

"ನಿಮಗೆ ಏನು ಹೇಳಿತು, ಅಜ್ಜಿ?"